ವಾಕಿಂಗ್ ಪಾತ್‌ಗೆ ಕಟ್ಟಡದ ಕೆಸರುನೀರು ನುಗ್ಗುತ್ತಿದೆಯಾ? ದೂರು ಕೊಡುವ ಮೊದಲು ಮತ್ತು ಆಮೇಲೆ ಮಾಡಬೇಕಾದ್ದು

ಮಳೆಗಾಲ ಶುರುವಾದರೆ ಸಾಕು, ಓದುಗರಿಂದ ಇದೇ ಪ್ರಶ್ನೆ ಬರುತ್ತದೆ. "ನಮ್ಮ ಕೆರೆಯ ವಾಕಿಂಗ್ ಪಾತ್ ಮೇಲೆ ನೀರು ನಿಂತಿದೆ. ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ, ಅಲ್ಲಿಂದಲೇ ಬರ್ತಿದೆ. ಯಾರಿಗೆ ಹೇಳೋದು?"

ಯಾರಿಗೆ ಹೇಳುವುದು ಅನ್ನುವುದು ಎರಡನೇ ಪ್ರಶ್ನೆ. ನೀರು ಅಲ್ಲಿಂದಲೇ ಬರುತ್ತಿದೆ ಅಂತ ತೋರಿಸುವುದು ಹೇಗೆ ಅನ್ನುವುದು ಮೊದಲನೆಯದು. ದೂರುಗಳು ಬಿದ್ದುಹೋಗುವುದು ಇಲ್ಲೇ. ಇಂಜಿನಿಯರ್ ಬರುವಷ್ಟರಲ್ಲಿ ನೀರು ಇಳಿದಿರುತ್ತದೆ. "ಜೋರು ಮಳೆ ಸಾರ್, ಎಲ್ಲಾ ಕಡೆ ನಿಂತಿತ್ತು" ಅಂತ ಸೈಟಿನವರು ಹೇಳುತ್ತಾರೆ. ದೂರಿನ ಮುಂದೆ 'ಪರಿಹರಿಸಲಾಗಿದೆ' ಅಂತ ಬೀಳುತ್ತದೆ. ಹಾಗಾಗಿ ಈ ಲೇಖನದಲ್ಲಿ ನೀರಿನ ಜಾಡು ಹಿಡಿಯುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಬೆಂಗಳೂರನ್ನು ಇಟ್ಟುಕೊಂಡು ಬರೆದಿದ್ದೇನೆ. ಬೇರೆ ಊರಿನವರು ಕಚೇರಿಗಳ ಹೆಸರು ಬದಲಿಸಿಕೊಂಡರೆ ಆಯಿತು, ಉಳಿದದ್ದೆಲ್ಲ ಒಂದೇ.

ಮೊದಲು ಕೆಲವು ಪದ

ಏರಿ ಅಂದರೆ ಕೆರೆಯ ಕಟ್ಟೆ. ತುಂಬಾ ಕಡೆ ವಾಕಿಂಗ್ ಪಾತ್ ಇರುವುದೇ ಇದರ ಮೇಲೆ. ಕೋಡಿ ಅಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಬೀಳುವ ಜಾಗ. ರಾಜಕಾಲುವೆ ಒಂದು ಕೆರೆಯ ನೀರನ್ನು ಮುಂದಿನ ಕೆರೆಗೆ ಒಯ್ಯುವ ದೊಡ್ಡ ಕಾಲುವೆ. ಹೂಳು ಅಂದರೆ ನೀರಿನ ಜೊತೆ ಬಂದು ತಳದಲ್ಲಿ ಕೂರುವ ಮಣ್ಣು. ಡೀವಾಟರಿಂಗ್ ಅಂದರೆ ಬೇಸ್‌ಮೆಂಟ್ ಅಗೆದ ಗುಂಡಿಯಲ್ಲಿ ಊರುವ ಅಂತರ್ಜಲವನ್ನು ಪಂಪ್ ಹಾಕಿ ಹೊರಗೆ ಎತ್ತುವುದು. ಕೆರೆ ಪಕ್ಕದ ಸೈಟುಗಳಲ್ಲಿ ಈ ಕೊನೆಯದು ಮಳೆ ಇಲ್ಲದಿದ್ದರೂ ತಿಂಗಳುಗಟ್ಟಲೆ ನಡೆಯುತ್ತದೆ.

ಬೇಕಾದ ಸಾಮಾನು

ಲೊಕೇಷನ್ ಆನ್ ಮಾಡಿದ ಫೋನ್, ಒಂದೇ ಅಳತೆಯ ಎರಡು ಖಾಲಿ ನೀರಿನ ಬಾಟಲಿ, ಹಗ್ಗ ಕಟ್ಟಿದ ಸಣ್ಣ ಬಕೆಟ್, ಒಂದು ಸ್ಕೇಲು, ಪಿಎಚ್ ಪೇಪರ್. ನೀರು ಆಮ್ಲವೋ ಕ್ಷಾರವೋ ಅಂತ ಬಣ್ಣ ಬದಲಿಸಿ ತೋರಿಸುವ ಕಾಗದ ಇದು. 7 ಅಂದರೆ ಎರಡೂ ಅಲ್ಲ, ಅದಕ್ಕಿಂತ ಮೇಲೆ ಹೋದಷ್ಟೂ ಕ್ಷಾರ. ಅಕ್ವೇರಿಯಂ ಅಂಗಡಿಗಳಲ್ಲೂ ಸಿಗುತ್ತದೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಕರ್ನಾಟಕ ಸರ್ಕಾರದ್ದೇ ಆ್ಯಪ್ ಇದು. ನೀವು ನಿಂತ ಜಾಗದ ಸರ್ವೆ ನಂಬರ್, ಹಳೆಯ ಗ್ರಾಮ ನಕ್ಷೆಯಲ್ಲಿರುವ ಕೆರೆ, ಕಾಲುವೆ ಎಲ್ಲ ತೋರಿಸುತ್ತದೆ.

ಹಂತ 1: ನೀರಿಗೆ ಇಳಿಯಬೇಡಿ

ನಿಂತ ನೀರಿನ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಮುಚ್ಚಳ ಹೋದ ಮ್ಯಾನ್‌ಹೋಲ್ ಇರಬಹುದು, ಕುಸಿದ ಟೈಲ್ಸ್ ಇರಬಹುದು. ದೀಪದ ಕಂಬದ ಬುಡದಲ್ಲಿ ನೀರಿದ್ದರೆ ಹತ್ತಿರವೇ ಹೋಗಬೇಡಿ. ವೈರ್ ಕಂಡರೆ ಮೊದಲು ಬೆಸ್ಕಾಂಗೆ, 1912ಕ್ಕೆ ಫೋನ್ ಮಾಡಿ. ಕಾಲಿನಲ್ಲಿ ಗಾಯ ಇದ್ದು ಕೊಳಕು ನೀರು ತಾಗಿದರೆ ಇಲಿ ಜ್ವರದ ಭಯವೂ ಇದೆ. ಆಮೇಲೆ ಜ್ವರ ಬಂದರೆ ಡಾಕ್ಟರಿಗೆ ನೀರಿನ ವಿಷಯ ಮರೆಯದೆ ಹೇಳಿ.

ಸೈಟಿನ ಬೇಲಿ ದಾಟಿ ಒಳಗೆ ಹೋಗಬೇಡಿ. ಅದು ಅಪಾಯವೂ ಹೌದು, ನಾಳೆ ನಿಮ್ಮ ಮೇಲೇ ದೂರು ಕೊಡಲು ನೆಪವೂ ಹೌದು. ನಿಮಗೆ ಬೇಕಾದ್ದೆಲ್ಲ ಹೊರಗಿನಿಂದಲೇ ಸಿಗುತ್ತದೆ.

ಹಂತ 2: ನೀರಿನ ಜಾಡು ಹಿಡಿಯಿರಿ

ಪಾತ್ ಮೇಲೆ ನೀರು ನಿಲ್ಲಲು ಕಾರಣ ಹಲವು. ಕಟ್ಟಡ ಅದರಲ್ಲಿ ಒಂದು ಅಷ್ಟೇ. ಉಳಿದವನ್ನು ನೀವೇ ಮೊದಲು ತಳ್ಳಿಹಾಕಿ. ಇಲ್ಲದಿದ್ದರೆ ಅವನ್ನೇ ಹಿಡಿದುಕೊಂಡು ನಿಮ್ಮ ದೂರನ್ನು ತಳ್ಳಿಹಾಕುತ್ತಾರೆ.

*ಹೊತ್ತು ನೋಡಿ.* ಮಳೆ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಅಂತ ಬರೆದಿಟ್ಟುಕೊಳ್ಳಿ. ಸಣ್ಣ ಪ್ರದೇಶದಿಂದ ಬರುವ ಮಳೆನೀರು ಮಳೆ ನಿಂತ ಕೆಲವು ಗಂಟೆಗಳಲ್ಲಿ ಕಡಿಮೆಯಾಗುತ್ತದೆ. ಸಂಜೆ ಮಳೆ ನಿಂತು, ಮರುದಿನ ಬೆಳಿಗ್ಗೆಯೂ ಮೋರಿಯಲ್ಲಿ ಅಷ್ಟೇ ರಭಸವಾಗಿ ನೀರು ಬರುತ್ತಿದ್ದರೆ ಅದು ಮಳೆಯದ್ದಲ್ಲ. ಪಂಪ್ ಓಡುತ್ತಿರಬೇಕು, ಇಲ್ಲವೇ ಒಳಚರಂಡಿ ಒಡೆದಿರಬೇಕು. ನಿಮ್ಮ ಬಡಾವಣೆಯಲ್ಲಿ ಎಷ್ಟು ಮಳೆಯಾಯಿತು ಅನ್ನುವುದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಲೆಕ್ಕ ಇದೆ. ಮೇಘ ಸಂದೇಶ ಆ್ಯಪ್‌ನಲ್ಲಿ ನೋಡಿ ಸ್ಕ್ರೀನ್‌ಶಾಟ್ ತೆಗೆದಿಡಿ. 2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 131.6 ಮಿ.ಮೀ. ಸುರಿದಂತೆ ಸುರಿದರೆ ಯಾವ ಪಾತ್ ಆದರೂ ಮುಳುಗುತ್ತದೆ, ಆ ದಿನದ ಫೋಟೋ ಇಟ್ಟುಕೊಂಡು ವಾದ ಮಾಡಲಾಗದು. 15 ಮಿ.ಮೀ. ಮಳೆಗೇ ಮುಳುಗಿದ ದಿನದ ಫೋಟೋ ಇದ್ದರೆ ಬೇರೆ ಮಾತು.

*ಬಣ್ಣ ನೋಡಿ.* ಕಪ್ಪಗಿದ್ದು ನಾರುತ್ತಿದ್ದರೆ ಒಳಚರಂಡಿ ನೀರು. ಅದಕ್ಕೆ ಜಲಮಂಡಳಿ, 1916. ಕೆಂಪು ಕೆಸರಾದರೆ ಎಲ್ಲೋ ಅಗೆದ ಮಣ್ಣು ಕೊಚ್ಚಿಕೊಂಡು ಬರುತ್ತಿದೆ. ಹಾಲಿನಂತೆ ಬೆಳ್ಳಗೆ ಅಥವಾ ಬೂದು ಬಣ್ಣವಿದ್ದರೆ ಬಂಡೆ ಕೊರೆದ ಪುಡಿಯೋ ಸಿಮೆಂಟ್ ತೊಳೆದ ನೀರೋ ಇರಬೇಕು. ಇದಕ್ಕೇ ಪಿಎಚ್ ಪೇಪರ್. ಕಾಂಕ್ರೀಟ್ ಲಾರಿ ತೊಳೆದ ನೀರಿನ ಪಿಎಚ್ 12ರ ಹತ್ತಿರ ಇರುತ್ತದೆ, ಮೀನು ಸಾಯಿಸಲು ಅಷ್ಟು ಸಾಕು. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಡುತ್ತದೆ. ಪರೀಕ್ಷೆ ಮಾಡುವುದು ಪೈಪಿನ ಬಾಯಲ್ಲಿ, ಕೆರೆಯಲ್ಲಲ್ಲ. ಪಾಚಿ ಕಟ್ಟಿದ ಕೆರೆಯ ನೀರು ಮಧ್ಯಾಹ್ನದ ಬಿಸಿಲಲ್ಲಿ ತಾನಾಗಿಯೇ 9 ದಾಟಬಹುದು.

*ಮೇಲಕ್ಕೆ ನಡೆಯಿರಿ.* ನೀರು ನಿಂತ ಜಾಗದಿಂದ ಶುರು ಮಾಡಿ, ನೀರು ಬರುವ ದಿಕ್ಕಿಗೆ ಹೋಗಿ. ಪ್ರತಿ ಮೋರಿ, ಪ್ರತಿ ತಿರುವಿನಲ್ಲಿ ನಿಂತು ಒಂದು ಫೋಟೋ ತೆಗೆಯಿರಿ. ಸೈಟಿನ ಕಾಂಪೌಂಡ್ ಬುಡದಲ್ಲಿ ಬಿಟ್ಟಿರುವ ಕಿಂಡಿ, ಗೇಟಿನ ಮುಂದೆ ಲಾರಿ ಚಕ್ರದ ಕೆಸರು, ಬೇಲಿ ಕೆಳಗಿನಿಂದ ನುಸುಳಿ ಬಂದ ನೀಲಿ ಬಣ್ಣದ ಚಪ್ಪಟೆ ಹೋಸ್ ಪೈಪ್, ಪಂಪಿನ ಸದ್ದು, ಇವೆಲ್ಲ ಸಿಗುವುದು ಈ ನಡಿಗೆಯಲ್ಲೇ. ಕೆಲವರು ಪಂಪ್ ಓಡಿಸುವುದು ರಾತ್ರಿ ಮಾತ್ರ. ಬೆಳಕು ಹರಿಯುವ ಮೊದಲು ವಾಕಿಂಗ್ ಬರುವ ಹಿರಿಯರನ್ನು ಕೇಳಿ, ಅವರಿಗೆ ಎಲ್ಲಾ ಗೊತ್ತಿರುತ್ತದೆ.

*ಬಾಟಲಿ ಪರೀಕ್ಷೆ ಮಾಡಿ.* ಸೈಟಿನ ನೀರು ಕಾಲುವೆಗೆ ಬೀಳುವ ಜಾಗ ಸಿಕ್ಕಿತು ಅಂದುಕೊಳ್ಳಿ. ಅದಕ್ಕಿಂತ ಸ್ವಲ್ಪ ಮೇಲೆ, ಅಂದರೆ ಸೈಟಿನ ನೀರು ಇನ್ನೂ ಸೇರದ ಕಡೆ, ಒಂದು ಬಾಟಲಿ ತುಂಬಿ. ಸೇರಿದ ಮೇಲೆ ಸ್ವಲ್ಪ ಕೆಳಗೆ ಇನ್ನೊಂದು. ಬಗ್ಗಬೇಡಿ, ಬಕೆಟ್ ಇಳಿಸಿ ತೆಗೆಯಿರಿ. ಬಾಟಲಿ ಮೇಲೆ ಜಾಗ, ತಾರೀಕು, ಹೊತ್ತು ಬರೆಯಿರಿ. ಮನೆಯಲ್ಲಿ ಅಲುಗಾಡಿಸದೆ ಇಡಿ. ಮರಳು ಕೆಲವೇ ನಿಮಿಷದಲ್ಲಿ ತಳ ಸೇರುತ್ತದೆ, ಜೇಡಿ ಕೂರಲು ರಾತ್ರಿ ಬೇಕು. ಮರುದಿನ ಎರಡನ್ನೂ ಅಕ್ಕಪಕ್ಕ ಇಟ್ಟು ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ. ಒಂದರ ತಳದಲ್ಲಿ ಬರೀ ಗೆರೆಯಷ್ಟು ಮಣ್ಣು, ಇನ್ನೊಂದರಲ್ಲಿ ಬೆರಳು ದಪ್ಪ ಕೆಂಪು ಹೂಳು. ಇದು ಲ್ಯಾಬ್ ವರದಿ ಅಲ್ಲ, ಆದರೆ ಅಧಿಕಾರಿಯ ಮೇಜಿನ ಮೇಲೆ ಇಟ್ಟರೆ ಹತ್ತು ಪುಟದ ಪತ್ರಕ್ಕಿಂತ ಜಾಸ್ತಿ ಮಾತಾಡುತ್ತದೆ.

*ಪಾತ್‌ನ ತಪ್ಪೂ ಇರಬಹುದು.* ಇದನ್ನು ಯಾರೂ ನೋಡುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಪಾತ್ ಎತ್ತರಿಸಿ, ಅಡಿಯಲ್ಲಿ ನೀರು ದಾಟಲು ಪೈಪ್ ಇಡದಿದ್ದರೆ ಅದೇ ಒಂದು ಸಣ್ಣ ಕಟ್ಟೆಯಾಗುತ್ತದೆ. ಪಕ್ಕದ ಚರಂಡಿಯಲ್ಲಿ ಎಲೆ, ಪ್ಲಾಸ್ಟಿಕ್ ತುಂಬಿರಬಹುದು. ಕೋಡಿ ಮುಚ್ಚಿಹೋಗಿ ಕೆರೆ ನೀರೇ ಮೇಲೆ ಬಂದಿರಬಹುದು. ಸೈಟಿನವರು ಕಾಲುವೆಗೆ ಸುರಿದ ಕಟ್ಟಡದ ಕಸದಿಂದ ಕಾಲುವೆ ಕಿರಿದಾಗಿ, ನೀರು ಹಿಂದಕ್ಕೆ ಒತ್ತಿ ಬಂದಿರಲೂಬಹುದು. ಹೀಗಾದಾಗ ತಪ್ಪು ಸೈಟಿನದೇ, ಆದರೆ ಆಗಬೇಕಾದ ಕೆಲಸ ಬೇರೆ.

ಹಂತ 3: ಒಂದು ಲೆಕ್ಕ ಹಾಕಿ

"ಒಂದು ಎಕರೆ ಸೈಟಿಂದ ಎಷ್ಟು ನೀರು ಬರುತ್ತೆ, ಬಿಡಿ ಸಾರ್" ಅನ್ನುವವರಿಗೆ ಉತ್ತರ ಇದು. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 50 ಮಿ.ಮೀ. ಮಳೆಗೆ ಎಕರೆಗೆ ಎರಡು ಲಕ್ಷ ಲೀಟರ್ ಆಯಿತು, 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂವತ್ಮೂರು. ಹುಲ್ಲು, ಗಿಡ ಇದ್ದಾಗ ಇದರಲ್ಲಿ ದೊಡ್ಡ ಪಾಲು ನೆಲಕ್ಕೆ ಇಂಗುತ್ತಿತ್ತು. ಜೆಸಿಬಿ ಓಡಾಡಿ ಗಟ್ಟಿಯಾದ ನೆಲದಲ್ಲಿ, ಕಾಂಕ್ರೀಟ್ ಹಾಕಿದ ನೆಲದಲ್ಲಿ ಹೆಚ್ಚಿನಂಶ ಹರಿದೇ ಬರುತ್ತದೆ. ಸೈಟಿನ ವಿಸ್ತೀರ್ಣ ಬೋರ್ಡಿನಲ್ಲಿ ಇರುತ್ತದೆ, ಗುಣಿಸಿ ನೋಡಿ.

ಹಂತ 4: ಸೈಟಿನ ಕಾಗದ ಹುಡುಕಿ

ಗೇಟಿನ ಬಳಿಯ ಬೋರ್ಡಿನ ಫೋಟೋ ತೆಗೆಯಿರಿ. ಪ್ಲಾನ್ ಮಂಜೂರಾತಿ ನಂಬರ್, ರೇರಾ ನಂಬರ್ ಅಲ್ಲೇ ಸಿಗಬೇಕು. ರೇರಾ ಅಂದರೆ ಮನೆ ಮಾರುವ ಯೋಜನೆಗಳ ನೋಂದಣಿ. ಆ ನಂಬರ್ ಹಾಕಿದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು.

ಕಟ್ಟಡದ ಒಟ್ಟು ನಿರ್ಮಾಣ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಜಾಸ್ತಿ ಇದ್ದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಆ ಅನುಮತಿ ಪತ್ರ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಅದನ್ನು ಸಾವಧಾನವಾಗಿ ಓದಿ. ಮಳೆನೀರು ಎಲ್ಲಿ ಹೋಗಬೇಕು, ಅಗೆದ ಮಣ್ಣು ಎಲ್ಲಿಡಬೇಕು ಅಂತ ಷರತ್ತುಗಳು ಅದರಲ್ಲೇ ಇರುತ್ತವೆ. ಷರತ್ತು ಪಾಲಿಸಿದ್ದೇವೆ ಅಂತ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಅವರು ವರದಿಯನ್ನೂ ಕೊಡಬೇಕು. ವರದಿಯಲ್ಲಿ "ಹೂಳು ತಡೆಯಲು ವ್ಯವಸ್ಥೆ ಇದೆ" ಅಂತಿದ್ದು, ನಿಮ್ಮ ಬಾಟಲಿಯಲ್ಲಿ ಬೆರಳು ದಪ್ಪ ಹೂಳಿದ್ದರೆ, ದೂರಿನ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆ. "ಕೆರೆಯಿಂದ 75 ಮೀಟರ್ ಬಫರ್ ಉಲ್ಲಂಘನೆ" ಅಂತ ಈಗಲೂ ತುಂಬಾ ಜನ ಬರೆಯುತ್ತಾರೆ. ಬಫರ್ ಅಂದರೆ ಕೆರೆ, ಕಾಲುವೆಯ ಸುತ್ತ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಕಾಮಗಾರಿಗಳ ವಿಚಾರಣೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಆ 75 ಮೀಟರ್ ಹೇಳಿದ್ದು ನಿಜ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬಫರ್ ಬಗ್ಗೆ ಜಗಳ ಶುರುವಾದರೆ ಅದು ಅಳತೆ, ಸರ್ವೆ ಅಂತ ವರ್ಷಗಟ್ಟಲೆ ಎಳೆಯುತ್ತದೆ. ನಿಮ್ಮ ದೂರಿಗೆ ಅದು ಬೇಕಾಗಿಯೇ ಇಲ್ಲ. ಕಟ್ಟಡ ಎಷ್ಟೇ ದೂರ ಇರಲಿ, ಕೆಸರುನೀರು ಬಿಡುವಂತಿಲ್ಲ.

ಹಂತ 5: ಸೈಟಿನವರ ಜೊತೆ ಒಮ್ಮೆ ಮಾತಾಡಿ

ಇದನ್ನು ಬಿಟ್ಟು ನೇರ ದೂರಿಗೆ ಹೋಗುವವರೇ ಜಾಸ್ತಿ. ಸೈಟ್ ಇಂಜಿನಿಯರ್ ಹತ್ತಿರ ಇಬ್ಬರು ಹೋಗಿ, ಫೋಟೋ ತೋರಿಸಿ, ಏನು ಬೇಕು ಅಂತ ನಿರ್ದಿಷ್ಟವಾಗಿ ಕೇಳಿ. ಮಣ್ಣಿನ ರಾಶಿಗೆ ಟಾರ್ಪಾಲು ಹೊದಿಸಿ. ಪಂಪಿನ ನೀರನ್ನು ಮೊದಲು ಹೂಳು ಕೂರುವ ತೊಟ್ಟಿಗೆ ಬಿಟ್ಟು, ತಿಳಿಯಾದ ಮೇಲೆ ಹೊರಗೆ ಬಿಡಿ. ಕಾಂಪೌಂಡ್ ಬುಡದಲ್ಲಿ ತಾತ್ಕಾಲಿಕ ಚರಂಡಿ ತೆಗೆಯಿರಿ. ಇವ್ಯಾವುವೂ ದೊಡ್ಡ ಖರ್ಚಿನ ಕೆಲಸಗಳಲ್ಲ. ಕೆಲವು ಕಡೆ ವಾರದೊಳಗೆ ಆಗಿಬಿಡುತ್ತವೆ. ಆಗದಿದ್ದರೆ "ಇಂಥ ದಿನ ಗಮನಕ್ಕೆ ತಂದೆವು" ಅನ್ನುವುದು ದೂರಿನಲ್ಲಿ ಒಂದು ಸಾಲಾಗುತ್ತದೆ. ಮಾತಾಡಿದ ಮೇಲೆ ಅದೇ ವಿಷಯವನ್ನು ವಾಟ್ಸ್‌ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರೆದು ಕಳಿಸಿ, ದಾಖಲೆ ಉಳಿಯಲಿ.

ಹಂತ 6: ಸರಿಯಾದ ಬಾಗಿಲು ತಟ್ಟಿ

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಅದರ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ನಗರ ಪಾಲಿಕೆಗಳಿವೆ. ನಿಮ್ಮ ಕೆರೆ ಯಾವ ಪಾಲಿಕೆಯಲ್ಲಿದೆ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕೆರೆ ಪಾಲಿಕೆಯದೇ ಆಗಿರಬೇಕು ಅಂತಲೂ ಇಲ್ಲ. ಅರಣ್ಯ ಇಲಾಖೆ, ಬಿಡಿಎ ಕೈಯಲ್ಲಿರುವ ಕೆರೆಗಳೂ ಇವೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು. ಕೆರೆಯ ಗೇಟಿನ ಬೋರ್ಡ್ ಓದಿ.

- ಪಾತ್, ಚರಂಡಿ, ರಾಜಕಾಲುವೆ, ಕಟ್ಟಡದ ಕಸ: ನಗರ ಪಾಲಿಕೆ. ಸಹಾಯವಾಣಿ 1533, ಇಲ್ಲವೇ ಸಹಾಯ ಆ್ಯಪ್.
- ಕೆಸರು, ಸಿಮೆಂಟ್ ನೀರು: ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿ.
- ಪರಿಸರ ಅನುಮತಿಯ ಷರತ್ತು ಮುರಿದಿದ್ದರೆ: ರಾಜ್ಯ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರ.
- ಬೇರೆ ಜಿಲ್ಲೆಯವರು, ಅಥವಾ ಯಾರಿಗೆ ಅಂತ ತಿಳಿಯದವರು: ಜನಸ್ಪಂದನ, 1902.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವಾಗ 1974ರ ಜಲ ಕಾಯ್ದೆಯ ಸೆಕ್ಷನ್ 24 ಉಲ್ಲೇಖಿಸಿ. ನೀರು ಕೆಡಿಸುವುದನ್ನು ಮಾತ್ರ ಅಲ್ಲ, ನೀರಿನ ಹರಿವಿಗೆ ಅಡ್ಡಿಯಾಗಿ ಮಾಲಿನ್ಯ ಹೆಚ್ಚಿಸುವಂಥ ವಸ್ತು ಹಾಕುವುದನ್ನೂ ಅದು ತಡೆಯುತ್ತದೆ. "ಅದು ಬರೀ ಒಣಗಿದ ಕಾಲುವೆ" ಅನ್ನುವ ವಾದವೂ ನಡೆಯುವುದಿಲ್ಲ. ಸದ್ಯಕ್ಕೆ ಒಣಗಿರುವ ಕಾಲುವೆಯೂ ಆ ಕಾಯ್ದೆಯ ಲೆಕ್ಕದಲ್ಲಿ ಹರಿಯುವ ನೀರೇ.

ದೂರು ಒಂದು ಪುಟ ಮೀರದಿರಲಿ. ಹೀಗೆ ಬರೆಯಬಹುದು:

"______ ಕೆರೆಯ ಪೂರ್ವ ಬದಿಯ ನಡಿಗೆ ಹಾದಿಯಲ್ಲಿ, 3ನೇ ಬೆಂಚಿನಿಂದ ಗೇಟ್‌ವರೆಗೆ, ದಿನಾಂಕ ______ರಂದು ಬೆಳಿಗ್ಗೆ 6 ಗಂಟೆಗೆ ನೀರು ನಿಂತಿತ್ತು. ಹಿಂದಿನ ದಿನ ಮಳೆ ______ ಮಿ.ಮೀ., ನಿಂತದ್ದು ಸಂಜೆ ______ಕ್ಕೆ. ಸರ್ವೆ ನಂ. ______ರ ಕಾಮಗಾರಿ ಸ್ಥಳದ ಕಾಂಪೌಂಡಿನ ಕಿಂಡಿಯಿಂದ ಕೆಸರುನೀರು ಚರಂಡಿಗೆ ಬೀಳುತ್ತಿರುವುದನ್ನು ಫೋಟೋ 1ರಿಂದ 6ರಲ್ಲಿ ನೋಡಬಹುದು. ದಯವಿಟ್ಟು ನಮ್ಮನ್ನು ಕರೆದು ಜಂಟಿ ಸ್ಥಳ ಪರಿಶೀಲನೆ ಮಾಡಿ, ಹೂಳು ತೊಟ್ಟಿ ಕಟ್ಟಿಸಲು ಮತ್ತು ಚರಂಡಿಯ ಹೂಳು ತೆಗೆಸಲು ಸೂಚಿಸಬೇಕು."

ಸಾಮಾನ್ಯವಾಗಿ ಎಡವುವುದು ಎಲ್ಲಿ ಅಂದರೆ:

ಒಂದೇ ದೂರಿನಲ್ಲಿ ಬೀದಿನಾಯಿ, ದೀಪ, ಪಾರ್ಕಿಂಗ್ ಎಲ್ಲ ತುಂಬುತ್ತಾರೆ. ದೀಪ ಸರಿ ಮಾಡಿ ದೂರು ಮುಚ್ಚುತ್ತಾರೆ, ಅಷ್ಟೇ.

ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಅದರೊಳಗಿನ ಜಾಗ, ಹೊತ್ತಿನ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲ ಫೋಟೋ ಫೋನಿನಲ್ಲೇ ಇರಲಿ.

ಬಿಲ್ಡರ್ ಹೆಸರು ಹಾಕಿ "ಕಳ್ಳರು" ಅಂತ ಮೊದಲೇ ಸೋಷಿಯಲ್ ಮೀಡಿಯಾಗೆ ಹಾಕಬೇಡಿ. ಮಾನನಷ್ಟ ನೋಟಿಸ್ ಬಂದರೆ ನಿಮ್ಮ ಜೊತೆಗಿದ್ದ ಹತ್ತು ಜನರಲ್ಲಿ ಒಂಬತ್ತು ಜನ ಕಾಣೆಯಾಗುತ್ತಾರೆ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ. "ಈ ಕಿಂಡಿಯಿಂದ ನೀರು ಬರುತ್ತಿದೆ" ಅನ್ನಿ, "ಲಂಚ ಕೊಟ್ಟಿದ್ದಾರೆ" ಅನ್ನಬೇಡಿ.

ದೂರಿನ ನಂಬರ್ ಪಡೆಯದೆ ಫೋನ್ ಇಡಬೇಡಿ. ಕೆಲಸ ಆಗದೆ ಮುಚ್ಚಿದರೆ, ಹಳೆಯ ನಂಬರ್ ಹಾಕಿ ಮತ್ತೆ ದೂರು ಕೊಡಿ.

ಹಂತ 7: ಉತ್ತರ ಬರದಿದ್ದರೆ ಆರ್‌ಟಿಐ

ಮಾಹಿತಿ ಹಕ್ಕು ಅರ್ಜಿಗೆ ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, ಸಾಮಾನ್ಯವಾಗಿ 150 ಪದ ಮೀರದೆ ಇರಬೇಕು. ಇದು ಗೊತ್ತಿಲ್ಲದೆ ತಿರಸ್ಕಾರವಾಗುವ ಅರ್ಜಿಗಳು ಬೇಕಾದಷ್ಟಿವೆ.

"ಯಾಕೆ ಕ್ರಮ ಕೈಗೊಂಡಿಲ್ಲ?" ಅಂತ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ, ಇರುವ ದಾಖಲೆ ಕೊಡಬೇಕು ಅಷ್ಟೇ. ಹಾಗಾಗಿ ದಾಖಲೆ ಕೇಳಿ: ನನ್ನ ದೂರಿನ ಮೇಲೆ ನಡೆದ ಸ್ಥಳ ಪರಿಶೀಲನೆಯ ವರದಿಯ ಪ್ರತಿ, ಸೈಟಿಗೆ ಕೊಟ್ಟ ನೋಟಿಸ್‌ಗಳ ಪ್ರತಿ, ಮಂಜೂರಾದ ನಕ್ಷೆಯಲ್ಲಿ ಮಳೆನೀರು ಚರಂಡಿ ತೋರಿಸುವ ಹಾಳೆ. ಉತ್ತರ ಬರದಿದ್ದರೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

ಹಂತ 8: ಇನ್ನೂ ಮೇಲೆ ಹೋಗಬೇಕಾದರೆ

ದಾರಿ ಎರಡಿವೆ. ಒಂದು, ಉಪವಿಭಾಗಾಧಿಕಾರಿಯ ಮುಂದೆ ಸಾರ್ವಜನಿಕ ತೊಂದರೆ ನಿವಾರಿಸಲು ಅರ್ಜಿ. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 133, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 152 ಆಗಿದೆ. ಸಾರ್ವಜನಿಕ ದಾರಿಗೆ ಅಡ್ಡಿಯಾದಾಗ ಇದು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಹಸಿರು ನ್ಯಾಯಮಂಡಳಿ. ನಮ್ಮ ರಾಜ್ಯಕ್ಕೆ ಚೆನ್ನೈನ ದಕ್ಷಿಣ ವಲಯ ಪೀಠ. ಪರಿಹಾರದ ಹಣ ಕೇಳದಿದ್ದರೆ ಅರ್ಜಿ ಶುಲ್ಕ 1,000 ರೂಪಾಯಿ. ಇಲ್ಲಿ ತಾರೀಕಿನ ಲೆಕ್ಕ ಬಿಗಿ. ತೊಂದರೆ ಮೊದಲು ಶುರುವಾದಾಗಿನಿಂದ ಆರು ತಿಂಗಳೊಳಗೆ ಹೋಗಬೇಕು, ಸರಿಯಾದ ಕಾರಣ ಇದ್ದರೆ ಇನ್ನು 60 ದಿನ. "ಎರಡು ಮಳೆಗಾಲ ಕಾದು ನೋಡಿದೆವು" ಅನ್ನುವುದು ಅಲ್ಲಿ ಕಾರಣವಾಗುವುದು ಕಷ್ಟ. ತೊಂದರೆ ಮೊದಲು ಕಂಡ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ನಾಲ್ಕನೇ ತಿಂಗಳಲ್ಲಿ ಒಬ್ಬ ವಕೀಲರನ್ನು ಕಂಡು ಬನ್ನಿ.

ಹಂತ 9: ಕೆಲಸ ಆದ ಮೇಲೆ

ಜಂಟಿ ಪರಿಶೀಲನೆಗೆ ಕರೆದರೆ ತಪ್ಪಿಸಬೇಡಿ. ಅಲ್ಲಿ ಬರೆಯುವ ಮಹಜರಿನಲ್ಲಿ, ಅಂದರೆ ಸ್ಥಳದಲ್ಲಿ ಕಂಡದ್ದರ ಬರಹದಲ್ಲಿ, ಏನಿದೆ ಅಂತ ಓದಿಯೇ ಸಹಿ ಹಾಕಿ. ಪ್ರತಿ ಕೇಳಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ.

ಹೂಳು ತೊಟ್ಟಿ ಕಟ್ಟಿಸಿದರೆ ಖುಷಿ, ಆದರೆ ಜೋರು ಮಳೆಗೆ ಅದು ತುಂಬಿಬಿಡುತ್ತದೆ. ತುಂಬಿದ ತೊಟ್ಟಿಯಿಂದ ಹೂಳೆಲ್ಲ ಹಾಗೇ ಹೊರಗೆ ಹೋಗುತ್ತದೆ. ಯಾರು, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತಾರೆ ಅಂತ ಬರೆದು ಕೊಡಲು ಕೇಳಿ. ತೆಗೆದ ಹೂಳನ್ನು ಕೆರೆ ಅಂಗಳಕ್ಕೇ ಸುರಿಯುತ್ತಾರಾ ಅಂತಲೂ ಕಣ್ಣಿಡಿ, ಇದೂ ನಡೆಯುತ್ತದೆ. ಮುಂದಿನ ಮಳೆಯಲ್ಲಿ ಅದೇ ಎರಡು ಜಾಗದಿಂದ ಮತ್ತೆ ಎರಡು ಬಾಟಲಿ ತುಂಬಿ ಹೋಲಿಸಿ.

ಕಟ್ಟಡ ಮುಗಿಯುವ ಹೊತ್ತಿಗೆ ಇನ್ನೊಂದು ಪತ್ರ ಬೇಕು. ವಾಸಯೋಗ್ಯ ಪತ್ರ ಸಿಕ್ಕಿ ಬಿಲ್ಡರ್ ಹೊರಟುಹೋದ ಮೇಲೆ, ಚರಂಡಿಯ ತಪ್ಪನ್ನು ಸರಿಪಡಿಸುವ ಹೊಣೆ ಅಲ್ಲಿ ಮನೆ ಕೊಂಡವರ ಸಂಘದ ತಲೆಗೆ ಬರುತ್ತದೆ. ಅದಕ್ಕೇ ಕೊನೆಯ ಅಂತಸ್ತು ಏಳುವಾಗಲೇ ಪಾಲಿಕೆಯ ನಗರ ಯೋಜನೆ ವಿಭಾಗಕ್ಕೆ ಬರೆಯಿರಿ: ಮಳೆನೀರು ಇಂಗುಗುಂಡಿ ಮತ್ತು ಚರಂಡಿ ನಕ್ಷೆಯಲ್ಲಿದ್ದಂತೆ ಆಗಿವೆಯೇ ಅಂತ ಸ್ಥಳದಲ್ಲಿ ನೋಡದೆ ವಾಸಯೋಗ್ಯ ಪತ್ರ ಕೊಡಬಾರದು. ಜೊತೆಗೆ ಹಳೆಯ ದೂರಿನ ನಂಬರ್‌ಗಳನ್ನೆಲ್ಲ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.